ಮಗುವಿನದು ಹಟವೋ, ಕಷ್ಟವೋ?



ಮಗುವಿಗೆ ಜ್ವರ ಬಂದರೆ ನಾವು ಹಣೆ ಮುಟ್ಟಿ ತಿಳಿಯುತ್ತೇವೆ. ಭೇದಿಯಾದರೆ ಕಣ್ಣಾರೆ ಕಾಣುತ್ತೇವೆ. ಕಾಲು ಮುರಿದರೆ ಎತ್ತಿಕೊಂಡು ಆಸ್ಪತ್ರೆಗೆ ಧಾವಿಸುತ್ತೇವೆ. "ಏಕೆ ಕುಂಟುತ್ತೀಯೆ?" ಎಂದು ಮುರಿದ ಕಾಲಿನ ಮಗುವನ್ನು ಹೊಡೆಯುವ ತಂದೆತಾಯಿಗಳು ಎಲ್ಲಿಯೂ ಇಲ್ಲ. ಆದರೆ ಮನಸ್ಸಿಗೆ ಅಥವಾ ಬುದ್ಧಿಯ ಬೆಳವಣಿಗೆಗೆ ತೊಡಕುಂಟಾದಾಗ ಅದು ಹಣೆಯಲ್ಲಿ ಕಾಣದು, ನಾಡಿಯಲ್ಲಿಯೂ ಸಿಗದು. ಬಹುಮಟ್ಟಿಗೆ ಅದು ಮಗುವಿನ ನಡತೆಯಲ್ಲಿಯೇ ತೋರಿಬರುತ್ತದೆ. ನಡತೆಯನ್ನು ತಪ್ಪು-ಒಪ್ಪುಗಳ ತಕ್ಕಡಿಯಲ್ಲಿ ತೂಗುವುದು ನಮ್ಮ ರೂಢಿ. ಆದುದರಿಂದ ಕಷ್ಟದಲ್ಲಿರುವ ಮಗು ಹಟಮಾರಿಯೆಂದೋ, ಸೋಮಾರಿಯೆಂದೋ, ಗಾಳಿ ಸೋಕಿದ್ದೆಂದೋ ಹೆಸರು ಪಡೆದು, ಆರೈಕೆ ದೊರೆಯಬೇಕಾದ ಕಾಲದಲ್ಲಿ ಪೆಟ್ಟು ತಿನ್ನುತ್ತದೆ.

ಒಂದು ಸಂಸಾರವನ್ನು ಭಾವಿಸಿಕೊಳ್ಳಿ. ಹಿರಿಯ ಮಗನಿಗೆ ಹತ್ತು ವರ್ಷ, ಐದನೆಯ ತರಗತಿ. ದನ ಕಟ್ಟುವುದು, ತೋಟಕ್ಕೆ ನೀರು ಹಾಯಿಸುವುದು, ಅಂಗಡಿಯ ಲೆಕ್ಕವನ್ನು ಬಾಯಲ್ಲಿಯೇ ಹೇಳುವುದು ಎಲ್ಲದರಲ್ಲಿಯೂ ಚುರುಕು. ಆದರೆ ಪುಸ್ತಕ ತೆರೆದರೆ ಒಂದು ಸಾಲು ಓದಲಾರ. ಒತ್ತಕ್ಷರ ಬಂದೊಡನೆ ನಿಂತುಬಿಡುತ್ತಾನೆ. ಇದು ಮೈಗಳ್ಳತನವೆಂದು ತಂದೆ ಕೋಲು ಹಿಡಿಯುತ್ತಾನೆ. ಮಗುವಿಗೆ ದೃಷ್ಟಿ ತಾಗಿದೆಯೆಂದು ಅಜ್ಜಿ ಉಪ್ಪು-ಮೆಣಸಿನಕಾಯಿ ನಿವಾಳಿಸುತ್ತಾಳೆ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಹುಡುಗ ಬೆಳಗಾದರೆ ಹೊಟ್ಟೆನೋವೆಂದು ಶಾಲೆ ತಪ್ಪಿಸತೊಡಗುತ್ತಾನೆ. ಇವನದು ಹಟವೋ, ಕಷ್ಟವೋ? ಈ ಪ್ರಶ್ನೆಯನ್ನು ಬಿಡಿಸುವುದಕ್ಕೆಂದೇ ಒಂದು ವಿದ್ಯೆಯಿದೆ. ಆ ವಿದ್ಯೆಯನ್ನು ಅಭ್ಯಸಿಸುವವರು ಏನನ್ನು ಕಲಿಯುತ್ತಾರೆ, ಅದರಿಂದ ನಿಮ್ಮ ಮನೆಗೆ ಏನು ಪ್ರಯೋಜನ ಎಂಬುದೇ ಈ ಪಾಠದ ವಿಷಯ.

ಈ ವಿದ್ಯೆಯನ್ನು ಕಲಿತವರು ಯಾರು?

ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಇಬ್ಬರು ಬಗೆಯ ತಜ್ಞರನ್ನು ಕಾಣಬಹುದು. ಮನೋವೈದ್ಯರು ವೈದ್ಯಶಾಸ್ತ್ರವನ್ನು ಓದಿ ಬಳಿಕ ಮನಸ್ಸಿನ ಕಾಯಿಲೆಗಳಲ್ಲಿ ಪರಿಣತಿ ಪಡೆದವರು. ಔಷಧಿ ಬರೆದುಕೊಡುವವರು ಇವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ, ಆಸ್ಪತ್ರೆಯಲ್ಲಿ ತರಬೇತಿ ಹೊಂದಿದವರು. ಪರೀಕ್ಷೆ, ಮಾತು ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ನೀಡುವವರು. ನಮ್ಮ ದೇಶದಲ್ಲಿ ಬಹುಕಾಲ ಎರಡು ವರ್ಷಗಳ ಎಂ.ಎ. ಅಥವಾ ಎಂ.ಎಸ್‌ಸಿ. ಪದವಿಯ ನಂತರ ಮತ್ತೆ ಎರಡು ವರ್ಷಗಳ ಎಂ.ಫಿಲ್. ತರಬೇತಿ ಈ ವೃತ್ತಿಗೆ ದಾರಿಯಾಗಿತ್ತು. ಇತ್ತೀಚೆಗೆ ಪದವಿಗಳ ಹೆಸರು ಮತ್ತು ಸ್ವರೂಪ ಬದಲಾಗುತ್ತಿದ್ದರೂ ರೋಗಿಗಳ ನಡುವೆ ಹಿರಿಯರ ಮೇಲ್ವಿಚಾರಣೆಯಲ್ಲಿ ಕಲಿಯಬೇಕೆಂಬ ನಿಯಮ ಬದಲಾಗಿಲ್ಲ.

ಈ ವಿದ್ಯೆಗೂ ನಮ್ಮ ನಾಡಿಗೂ ಹಳೆಯ ನಂಟು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಆ ಸಂಸ್ಥೆಯೂ ಅಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ನಿಮ್ಹಾನ್ಸ್ ಎಂಬ ಸಂಸ್ಥೆಯಾಯಿತು. ಇಂದು ಅಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವಿದ್ದು, ದೇಶದ ನಾನಾ ಕಡೆಗಳಿಂದ ಬಂದ ವಿದ್ಯಾರ್ಥಿಗಳು ತರಬೇತಿ ಪಡೆಯುತ್ತಾರೆ.

ಮೊದಲನೆಯ ಪಾಠ: ವಯಸ್ಸಿನ ಅಳತೆ

ಮಕ್ಕಳ ಮಾನಸಿಕ ತೊಂದರೆಗಳನ್ನು ಅಭ್ಯಸಿಸುವ ವಿದ್ಯಾರ್ಥಿ ಕಾಯಿಲೆಗಳನ್ನು ಕಲಿಯುವುದಕ್ಕೆ ಮೊದಲು ಆರೋಗ್ಯವಂತ ಮಗು ಹೇಗೆ ಬೆಳೆಯುತ್ತದೆಂಬುದನ್ನು ಕಲಿಯುತ್ತಾನೆ. ಪೈರಿನ ರೋಗ ಗುರುತಿಸಬೇಕಾದರೆ ಒಳ್ಳೆಯ ಪೈರಿನ ಗುರುತು ತಿಳಿದಿರಬೇಕಲ್ಲವೇ? ಎರಡು ವರ್ಷದ ಮಗು ಹಾಸಿಗೆ ಒದ್ದೆ ಮಾಡಿದರೆ ಅದು ಕಾಯಿಲೆಯಲ್ಲ. ಐದು ವರ್ಷ ದಾಟಿದ ಮೇಲೂ ಆಗಾಗ ಹಾಗಾಗುತ್ತಿದ್ದರೆ ವೈದ್ಯರ ಸಲಹೆ ಬೇಕು. ಒಂದೇ ನಡತೆ ಒಂದು ವಯಸ್ಸಿಗೆ ಸಹಜ, ಮತ್ತೊಂದು ವಯಸ್ಸಿಗೆ ಎಚ್ಚರಿಕೆಯ ಗಂಟೆ.

ನೀವೂ ಈ ಅಳತೆಯನ್ನು ಸ್ಥೂಲವಾಗಿ ತಿಳಿದಿರುವುದು ಅವಶ್ಯಕ. ಎರಡು ತಿಂಗಳ ಸುಮಾರಿಗೆ ಮಗು ತಾಯಿಯ ಮುಖ ನೋಡಿ ನಗುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಕತ್ತು ನಿಲ್ಲುತ್ತದೆ. ಒಂಬತ್ತು ತಿಂಗಳೊಳಗೆ ಆಸರೆಯಿಲ್ಲದೆ ಕುಳಿತುಕೊಳ್ಳುತ್ತದೆ. ವರ್ಷ ತುಂಬುವ ವೇಳೆಗೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆ. "ಅಮ್ಮ", "ಅಪ್ಪ" ಎಂಬಂತಹ ಮಾತು ಮೊಳೆಯುತ್ತದೆ. ಒಂದೂವರೆ ವರ್ಷದೊಳಗೆ ನಡೆಯುತ್ತದೆ, ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತದೆ. ಎರಡು ವರ್ಷದ ಸುಮಾರಿಗೆ ಎರಡು ಮಾತು ಸೇರಿಸಿ "ಅಮ್ಮ ಬಾ" ಎನ್ನುತ್ತದೆ. ಮಗುವಿನಿಂದ ಮಗುವಿಗೆ ಸ್ವಲ್ಪ ಹೆಚ್ಚು ಕಡಮೆಯಾಗುವುದು ಸಹಜ. ಆದರೆ ಹಲವು ಗುರುತುಗಳು ಹಿಂದೆ ಬಿದ್ದರೆ, ಅಥವಾ ಕಲಿತ ಮಾತನ್ನು ಮಗು ಮರೆಯತೊಡಗಿದರೆ, "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಕಾಯುತ್ತ ಕೂರಬಾರದು.

ಎರಡನೆಯ ಪಾಠ: ಒಂದು ಚಿಹ್ನೆ, ಹಲವು ಕಾರಣ

1896ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒಬ್ಬ ಶಾಲಾ ಶಿಕ್ಷಕಿ ಕಾಗುಣಿತ ಬಾರದ ಹದಿನಾಲ್ಕು ವರ್ಷದ ಹುಡುಗನನ್ನು ಲೈಟ್ನರ್ ವಿಟ್ಮರ್ ಎಂಬ ಮನಶ್ಶಾಸ್ತ್ರಜ್ಞರ ಬಳಿಗೆ ಕರೆದೊಯ್ದಳು. ಪರೀಕ್ಷಿಸಿದಾಗ ಹುಡುಗನ ದೃಷ್ಟಿಯಲ್ಲಿಯೂ ದೋಷವಿದ್ದುದು ತಿಳಿದುಬಂದಿತು. ಮನಶ್ಶಾಸ್ತ್ರದ ಮೊದಲ ಚಿಕಿತ್ಸಾಲಯ ಆರಂಭವಾದುದು ಹೀಗೆ. ಓದಲಾರದ ಮಗುವಿನ ಕಣ್ಣನ್ನೂ ಪರೀಕ್ಷಿಸಬೇಕೆಂಬ ಆ ಪಾಠವನ್ನು ಇಂದಿನ ವಿದ್ಯಾರ್ಥಿಗಳೂ ಕಲಿಯುತ್ತಾರೆ.

ಮಾತು ಬಾರದ ಮೂರು ವರ್ಷದ ಮಗುವನ್ನು ತೆಗೆದುಕೊಳ್ಳಿ. ಅದಕ್ಕೆ ಕಿವಿ ಕೇಳಿಸದಿರಬಹುದು. ಅಥವಾ ಬುದ್ಧಿಯ ಬೆಳವಣಿಗೆಯೇ ನಿಧಾನವಾಗಿರಬಹುದು. ಅಥವಾ ಅದು ಆಟಿಸಂ, ಅಂದರೆ ಸ್ವಲೀನತೆ ಇರುವ ಮಗುವಾಗಿರಬಹುದು. ಇಂತಹ ಮಗು ಕಣ್ಣಿನಲ್ಲಿ ಕಣ್ಣಿಟ್ಟು ನೋಡುವುದು ಕಡಮೆ; ಇತರ ಮಕ್ಕಳೊಡನೆ ಬೆರೆಯದೆ ಒಂದೇ ಆಟವನ್ನು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ಗಮನಿಸಿ ಈ ಸ್ಥಿತಿಯನ್ನು ವಿವರಿಸಿದರು. ಹೊರಗಿನಿಂದ ನೋಡುವವರಿಗೆ ಮೂರೂ "ಮಾತು ಬಾರದ ಮಕ್ಕಳು". ಚಿಕಿತ್ಸೆಯ ದಾರಿ ಮಾತ್ರ ಮೂರಕ್ಕೂ ಬೇರೆ ಬೇರೆ. ಆದುದರಿಂದಲೇ ಮೊದಲು ಕಿವಿಯ ಪರೀಕ್ಷೆ ಮಾಡಿಸುತ್ತಾರೆ.

ಹಾಗೆಯೇ ಒಂದೆಡೆ ನಿಲ್ಲದ, ಗಮನ ಕೊಡಲಾರದ, ಸರದಿ ಕಾಯಲಾರದ ಮಗು. ಮನೆಯಲ್ಲಿಯೂ ಶಾಲೆಯಲ್ಲಿಯೂ ತಿಂಗಳುಗಟ್ಟಲೆ ಈ ನಡತೆ ಕಂಡರೆ ಅದು ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆಯಾಗಿರಬಹುದು. ಶಾಲೆಯಲ್ಲಿ ಮಾತ್ರ ಕಂಡು ಮನೆಯಲ್ಲಿ ಇಲ್ಲವಾದರೆ ಶಾಲೆಯ ಪರಿಸರವನ್ನು ವಿಚಾರಿಸಬೇಕು. ತರಗತಿಯಲ್ಲಿ ಕ್ಷಣಕಾಲ ಮಂಕಾಗಿ ನೋಡುತ್ತ ಕೂರುವ ಮಗುವಿಗೆ ಮೂರ್ಛೆರೋಗದ ಒಂದು ಬಗೆಯಿರಲೂ ಬಹುದು. ಹೊರನೋಟಕ್ಕೆ ತೀರ್ಪು ಕೊಡಬಾರದೆಂಬುದೇ ಈ ವಿದ್ಯೆಯ ಮುಖ್ಯ ಶಿಸ್ತು.

ಮೂರನೆಯ ಪಾಠ: ಅಳೆಯುವ ಮೊದಲು ಭಾಷೆ

ಬುದ್ಧಿಯ ಮಟ್ಟವನ್ನು ತಿಳಿಯಲು ಪ್ರಶ್ನೆಗಳೂ ಆಟದ ಸಾಮಗ್ರಿಗಳೂ ಇರುವ ಪರೀಕ್ಷೆಗಳುಂಟು. ಫ್ರಾನ್ಸ್ ದೇಶದ ಆಲ್ಫ್ರೆಡ್ ಬಿನೆ 1905ರಲ್ಲಿ ಇಂತಹ ಮೊದಲ ಅಳತೆಗೋಲನ್ನು ಸಿದ್ಧಪಡಿಸಿದರು. ಪ್ಯಾರಿಸ್ಸಿನ ಮಗುವಿಗೆ ಕೇಳಿದ ಪ್ರಶ್ನೆಯನ್ನು ಧಾರವಾಡದ ಮಗುವಿಗೆ ಹಾಗೆಯೇ ಕೇಳಿದರೆ ನ್ಯಾಯವಾದೀತೇ? ವಿ. ವಿ. ಕಾಮತ್ ಅವರು ಆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ, 1940ರಲ್ಲಿ ಆ ಕುರಿತ ಗ್ರಂಥವನ್ನು ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂದು ಅದು ಇಂದಿಗೂ ಹೆಸರಾಗಿದೆ.

ಇಂತಹ ಪರೀಕ್ಷೆಯೆಂದರೆ ಅಂಜಬೇಡಿ. ಸೂಜಿಯಿಲ್ಲ, ರಕ್ತ ತೆಗೆಯುವುದಿಲ್ಲ, ಪಾಸು-ನಪಾಸು ಎಂಬುದಿಲ್ಲ. ಮನೆಯಲ್ಲಿ ಯಾವ ಮಾತಾಡುತ್ತೀರೋ ಅದನ್ನು ತಜ್ಞರಿಗೆ ಮೊದಲೇ ತಿಳಿಸಿ. ಲಂಬಾಣಿ, ಉರ್ದು, ತುಳು ಅಥವಾ ತೆಲುಗು ಮನೆಮಾತಾಗಿರುವ ಮಗು ಕನ್ನಡದ ಪ್ರಶ್ನೆಗೆ ತಡವರಿಸಿದರೆ ಅದು ಬುದ್ಧಿಯ ಕೊರತೆಯಲ್ಲ. ಹಸಿವು, ನಿದ್ದೆ, ಜ್ವರ ಇರುವ ದಿನ ಪರೀಕ್ಷೆಗೆ ಕರೆದೊಯ್ಯಬೇಡಿ. ಬಂದ ಅಂಕಿ ಮಗುವಿನ ಹಣೆಬರಹವಲ್ಲ. ಯಾವ ಕಡೆ ನೆರವು ಬೇಕು, ಯಾವ ಕಡೆ ಶಕ್ತಿಯಿದೆ ಎಂಬುದನ್ನು ತೋರಿಸುವ ಕೈಗಂಬ.

ನಾಲ್ಕನೆಯ ಪಾಠ: ಹದಿಹರೆಯ

ಬಾಲ್ಯ ಕಳೆದು ಯೌವನ ಕಾಲಿಡುವ ಕಾಲ ಸೂಕ್ಷ್ಮವಾದುದು. 10ರಿಂದ 19 ವರ್ಷದೊಳಗಿನ ಏಳು ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆದುದರಿಂದ ಇದು ನಿಮ್ಮ ಮನೆಯೊಂದರ ಗುಟ್ಟಲ್ಲ. ಪ್ರತಿಯೊಂದು ಊರಿನ ವಿಷಯ.

ಬೆಳೆಯುವ ಮಕ್ಕಳಲ್ಲಿ ಖಿನ್ನತೆಯು ಅಳುವಾಗಿ ಕಾಣದೆ ಸಿಡುಕಾಗಿ ಕಾಣಬಹುದು. ಎರಡು ವಾರಕ್ಕೂ ಮಿಗಿಲಾಗಿ ಮಗ ಅಥವಾ ಮಗಳು ಊಟ-ನಿದ್ದೆಗಳಲ್ಲಿ ವ್ಯತ್ಯಾಸ ತೋರಿದರೆ, ಗೆಳೆಯರನ್ನು ದೂರವಿಟ್ಟರೆ, ಇಷ್ಟದ ಆಟವನ್ನೂ ಬಿಟ್ಟರೆ, ಹತ್ತಿರ ಕುಳಿತು ಮೆಲ್ಲನೆ ವಿಚಾರಿಸಿ. ಮೈ ನಡುಗಿ ಬೀಳುವ, ಪ್ರಜ್ಞೆ ತಪ್ಪಿದಂತಾಗುವ, ಮೈಮೇಲೆ ಬಂದಂತೆ ವರ್ತಿಸುವ ಮಕ್ಕಳನ್ನು "ನಾಟಕ" ಎಂದು ಹೀಯಾಳಿಸಬಾರದು. ಮೂರ್ಛೆರೋಗವಲ್ಲವೆಂಬುದನ್ನು ಮೊದಲು ವೈದ್ಯರು ಖಚಿತಪಡಿಸಿಕೊಳ್ಳಬೇಕು. ಆ ಬಳಿಕ, ಬಾಯಿಬಿಟ್ಟು ಹೇಳಲಾರದ ಯಾವ ಸಂಕಟ ಮೈಯ ಮೂಲಕ ಮಾತನಾಡುತ್ತಿದೆಯೆಂಬುದನ್ನು ಮನಶ್ಶಾಸ್ತ್ರಜ್ಞರು ತಾಳ್ಮೆಯಿಂದ ಕೇಳುತ್ತಾರೆ. ಶಾಲೆ ಬಿಡಿಸಿ ಮದುವೆ ಮಾಡುವರೆಂಬ ಭಯವೇ ಹುಡುಗಿಗೆ ಇರಬಹುದು. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯಿದೆಯಂತೆ ಅಪರಾಧವೂ ಹೌದು. "ಮದುವೆ ಮಾಡಿದರೆ ಸರಿಹೋಗುತ್ತದೆ" ಎಂಬ ಸಲಹೆಗೆ ಕಿವಿಗೊಡದಿರಿ.

ಸಾಯುವ ಮಾತನ್ನು ಮಗು ಒಮ್ಮೆ ಆಡಿದರೂ ಅದನ್ನು ಹಗುರವಾಗಿ ಕಾಣಬೇಡಿ. ಆ ಕುರಿತು ನೇರವಾಗಿ, ಮಮತೆಯಿಂದ ಕೇಳಿ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಲಕ್ಕೆ ತಂದ ಕೀಟನಾಶಕವನ್ನು ಎಂದಿಗೂ ಮನೆಯ ಮೂಲೆಯಲ್ಲಿ ಇಡದೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಬೀಗದಕೈಯನ್ನು ಹಿರಿಯರು ಇರಿಸಿಕೊಳ್ಳತಕ್ಕದ್ದು. ಈ ಒಂದು ಎಚ್ಚರಿಕೆ ಒಂದು ಜೀವವನ್ನು ಉಳಿಸಬಲ್ಲದು.

ಐದನೆಯ ಪಾಠ: ತಾಯಿಯ ತಪ್ಪಲ್ಲ

ಕಳೆದ ಶತಮಾನದ ಮಧ್ಯಭಾಗದಲ್ಲಿ ಪಾಶ್ಚಾತ್ಯ ದೇಶಗಳ ಕೆಲವು ವಿದ್ವಾಂಸರು, ತಾಯಿ ಪ್ರೀತಿ ತೋರದಿರುವುದರಿಂದಲೇ ಆಟಿಸಂ ಬರುತ್ತದೆಂದು ಬರೆದರು. ಆ ಮಾತಿನಿಂದ ಎಷ್ಟೋ ತಾಯಂದಿರು ಮೊದಲೇ ಇದ್ದ ದುಃಖದ ಮೇಲೆ ನಿಂದೆಯನ್ನೂ ಹೊರಬೇಕಾಯಿತು. ಮುಂದಿನ ಸಂಶೋಧನೆಗಳು ಆ ವಾದವನ್ನು ತಳ್ಳಿಹಾಕಿದವು. ಮೆದುಳಿನ ಬೆಳವಣಿಗೆಯೂ ವಂಶವಾಹಿಗಳೂ ಇಲ್ಲಿ ಪಾತ್ರ ವಹಿಸುತ್ತವೆಂಬುದು ಇಂದಿನ ತಿಳಿವಳಿಕೆ. ವಿದ್ಯಾರ್ಥಿಗಳು ಈ ಹಿಂದಿನ ತಪ್ಪನ್ನೂ ಪಾಠವಾಗಿ ಓದುತ್ತಾರೆ. ಆದುದರಿಂದ ಗಂಡ ಹೆಂಡತಿಯನ್ನು, ಅತ್ತೆ ಸೊಸೆಯನ್ನು ದೂರುವುದಕ್ಕೆ ಆಧಾರವಿಲ್ಲ. ದೂರುವುದರಲ್ಲಿ ಕಳೆದ ದಿನಗಳು ಮಗುವಿನ ಚಿಕಿತ್ಸೆಯಿಂದ ಕಳೆದ ದಿನಗಳು.

ಆದರೂ ಕೆಲವು ಎಚ್ಚರಿಕೆಗಳು ನಿಮ್ಮ ಕೈಯಲ್ಲಿವೆ. ಅಯೋಡಿನ್ ಬೆರೆಸಿದ ಉಪ್ಪನ್ನೇ ಬಳಸಿ. ಗರ್ಭಿಣಿಗೆ ಅಯೋಡಿನ್ ತೀರ ಕೊರತೆಯಾದರೆ ಹುಟ್ಟುವ ಮಗುವಿನ ಬುದ್ಧಿ ಕುಂಠಿತವಾಗುತ್ತದೆ. ಗರ್ಭಿಣಿಯ ತಪಾಸಣೆಯನ್ನು ತಪ್ಪಿಸಬೇಡಿ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಹುಟ್ಟುವಾಗ ಉಸಿರು ಕಟ್ಟಿದ ಮಗುವಿನ ಮೆದುಳಿಗೆ ಹಾನಿಯಾಗುವ ಸಂಭವವಿದೆ. ಬಸುರಿಯಲ್ಲಿ ಮದ್ಯ, ತಂಬಾಕು ಕೂಡದು. ಸೋದರಮಾವ–ಸೊಸೆ, ಅತ್ತೆಯ ಮಗ–ಮಾವನ ಮಗಳಂತಹ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಕೆಲವು ಹುಟ್ಟುದೋಷಗಳ ಸಾಧ್ಯತೆ ಹೆಚ್ಚು. ಈಗಾಗಲೇ ಅಂತಹ ವಿವಾಹವಾಗಿದ್ದರೆ ಹೆದರದೆ, ಗರ್ಭ ಧರಿಸುವ ಮೊದಲೇ ವೈದ್ಯರ ಸಲಹೆ ಪಡೆಯಿರಿ.

ಕೊನೆಯ ಪಾಠ: ನಿಮ್ಮ ಮಾತೇ ಮೊದಲ ದಾಖಲೆ

ತರಬೇತಿಯ ವಿದ್ಯಾರ್ಥಿ ಮಗುವನ್ನು ಪರೀಕ್ಷಿಸುವುದಕ್ಕೆ ಮೊದಲು ತಂದೆತಾಯಿಗಳಿಂದ ಪೂರ್ಣ ವೃತ್ತಾಂತವನ್ನು ಕೇಳಿ ಬರೆದುಕೊಳ್ಳಲು ಕಲಿಯುತ್ತಾನೆ. ಬಸುರಿ, ಬಾಣಂತನ, ಮೊದಲ ಮಾತು, ಮೊದಲ ಹೆಜ್ಜೆ, ಬಂದುಹೋದ ಜ್ವರ, ಶಾಲೆ, ಗೆಳೆಯರು, ಮನೆಯ ಕಲಹ ಎಲ್ಲವನ್ನೂ ಕೇಳುತ್ತಾನೆ. ಎಷ್ಟು ಗ್ರಂಥಗಳನ್ನು ಓದಿದವರಾದರೂ ನಿಮ್ಮ ಮಗುವಿನ ವಿಷಯದಲ್ಲಿ ನಿಮ್ಮ ಮುಂದೆ ವಿದ್ಯಾರ್ಥಿಗಳೇ. ಆದುದರಿಂದ:

1. ಸಾಧ್ಯವಾದರೆ ಗಂಡ ಹೆಂಡತಿ ಇಬ್ಬರೂ ಹೋಗಿ. ತಾಯಿ ಕಂಡುದನ್ನು ತಂದೆ ಕಂಡಿರಲಾರನು. ತಂದೆ ಕಂಡುದನ್ನು ತಾಯಿ ಕಂಡಿರಲಾರಳು.

2. ತಾಯಿ ಕಾರ್ಡು, ಹಿಂದಿನ ಚೀಟಿಗಳು, ಶಾಲೆಯ ಪುಸ್ತಕ ಮತ್ತು ಅಂಕಪಟ್ಟಿಗಳನ್ನು ಒಯ್ಯಿರಿ.

3. ತೊಂದರೆ ಯಾವಾಗ ಮೊದಲಾಯಿತು, ಎಲ್ಲಿ ಹೆಚ್ಚು, ಎಷ್ಟು ಸಲ ಎಂಬುದನ್ನು ನೆನಪಿಟ್ಟುಕೊಳ್ಳಿ.

4. ಹರಕೆ, ನಾಟಿ ಔಷಧಿ, ಹೊಡೆತ, ಮನೆಯಲ್ಲಿನ ಕುಡಿತ, ವಂಶದಲ್ಲಿ ಇದ್ದ ಕಾಯಿಲೆ ಯಾವುದನ್ನೂ ನಾಚಿಕೆಯಿಂದ ಮುಚ್ಚಿಡಬೇಡಿ. ಹೇಳಿದ್ದನ್ನು ಗುಟ್ಟಾಗಿ ಕಾಯುವುದು ತಜ್ಞರ ಧರ್ಮ. ಮಗುವಿಗೆ ಅಪಾಯವಿದ್ದರೆ ಮಾತ್ರ ಅದನ್ನು ರಕ್ಷಿಸಲು ಬೇಕಾದಷ್ಟನ್ನು ಸಂಬಂಧಪಟ್ಟವರಿಗೆ ತಿಳಿಸುತ್ತಾರೆ.

5. ದೇವರಲ್ಲಿ ನಂಬಿಕೆಯಿಟ್ಟು ಪ್ರಾರ್ಥಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಬರೆ ಹಾಕಿಸುವುದು, ಕಟ್ಟಿಹಾಕುವುದು, ಉಪವಾಸ ಕೆಡವುದು ಮಗುವಿಗೆ ಹಿಂಸೆ.

ಎಲ್ಲಿಗೆ ಹೋಗಬೇಕು?

ಮೊದಲು ಅಂಗನವಾಡಿ ಕಾರ್ಯಕರ್ತೆಗೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಸುತ್ತದೆ. ಬೆಳವಣಿಗೆಯ ವಿಳಂಬವೂ ಅದರಲ್ಲಿ ಸೇರಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಜಿಲ್ಲಾ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಮಗುವಿಗೆ ಹಿಂಸೆ ಅಥವಾ ಅಪಾಯವಿದ್ದಲ್ಲಿ 1098ಕ್ಕೆ ಕರೆ ಮಾಡಿ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಬೌದ್ಧಿಕ ವಿಕಲತೆ, ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಮೂರೂ ಸೇರಿವೆ. ಪ್ರಮಾಣಪತ್ರ ಪಡೆದ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೇ ಮೊದಲಾದ ಅನುಕೂಲಗಳು ನಿಯಮಾನುಸಾರ ದೊರೆಯುತ್ತವೆ. ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಹೀಯಾಳಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ.

ಆ ಹುಡುಗನ ಕತೆ

ಮೊದಲು ಹೇಳಿದ ಸಂಸಾರಕ್ಕೆ ಮರಳೋಣ. ಶಾಲೆಯ ಮಾಸ್ತರರ ಸಲಹೆಯಂತೆ ಗಂಡ ಹೆಂಡತಿ ಮಗನನ್ನು ಜಿಲ್ಲಾ ಆಸ್ಪತ್ರೆಗೆ ಕರೆತಂದರೆಂದು ಭಾವಿಸಿ. ಕಣ್ಣು, ಕಿವಿ ಸರಿಯಾಗಿವೆ. ಬುದ್ಧಿ ವಯಸ್ಸಿಗೆ ತಕ್ಕಂತಿದೆ. ಅಕ್ಷರ ಮತ್ತು ಧ್ವನಿಗಳನ್ನು ಕೂಡಿಸುವಲ್ಲಿ ಮಾತ್ರ ತೊಡಕಿದೆ. "ನಿಮ್ಮ ಮಗ ಸೋಮಾರಿಯಲ್ಲ. ಬೇರೆ ಮಕ್ಕಳು ಒಂದು ಪುಟಕ್ಕೆ ಪಡುವ ಶ್ರಮವನ್ನು ಇವನು ಒಂದು ಸಾಲಿಗೆ ಪಡುತ್ತಿದ್ದಾನೆ" ಎಂದು ಮನಶ್ಶಾಸ್ತ್ರಜ್ಞೆ ವಿವರಿಸುತ್ತಾಳೆ. ತಂದೆ ಬಹಳ ಹೊತ್ತು ಸುಮ್ಮನಿದ್ದು, "ಎರಡು ವರ್ಷ ಹೊಡೆದೆನಲ್ಲಾ ತಾಯಿ" ಎನ್ನುತ್ತಾನೆ. "ಇನ್ನು ಮುಂದಿನ ವರ್ಷಗಳು ನಿಮ್ಮ ಕೈಯಲ್ಲಿವೆ ಅಣ್ಣಾ" ಎಂಬುದು ಆಕೆಯ ಉತ್ತರ.

ಆ ಹುಡುಗ ಮರುದಿನವೇ ಪುಸ್ತಕ ಓದಿಬಿಡುವುದಿಲ್ಲ. ದಿನಕ್ಕೆ ಅರ್ಧ ಗಂಟೆ, ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುತ್ತ, ಧ್ವನಿ ಬಿಡಿಸಿ ಕೂಡಿಸುತ್ತ, ತಿಂಗಳುಗಟ್ಟಲೆ ಕಲಿಯಬೇಕು. ಓದು ನಿಧಾನವಾಗಿಯೇ ಉಳಿಯಬಹುದು. ಆದರೆ ಬೆಳಗಿನ ಹೊಟ್ಟೆನೋವು ನಿಲ್ಲುತ್ತದೆ. ಮಗ ತಂದೆಯ ಮಗ್ಗುಲಲ್ಲಿ ಅಂಜದೆ ಕೂರುತ್ತಾನೆ. ಹಟವೆಂದುಕೊಂಡುದು ಕಷ್ಟವೆಂದು ತಿಳಿದ ದಿನವೇ ಚಿಕಿತ್ಸೆ ಅರ್ಧ ಮೊದಲಾಗುತ್ತದೆ.

ನೆನಪಿನಲ್ಲಿಡಿ

ಮಗುವಿನ ನಡತೆಯನ್ನು ಖಂಡಿಸುವ ಮೊದಲು ಅದರ ವಯಸ್ಸು, ಕಣ್ಣು, ಕಿವಿ, ನಿದ್ದೆ, ಭಯಗಳನ್ನು ವಿಚಾರಿಸಿ.

ಬೇಗ ಗುರುತಿಸಿದಷ್ಟೂ ಪ್ರಯೋಜನ ಹೆಚ್ಚು.

ಯಾರನ್ನೂ ದೂರದೆ, ಏನನ್ನೂ ಮುಚ್ಚಿಡದೆ, ಇಬ್ಬರೂ ಕೂಡಿ ತಜ್ಞರನ್ನು ಕಾಣಿ.

ದಂಪತಿಗಳು ತಮ್ಮಲ್ಲಿ ಚರ್ಚಿಸಲು

1. ನಮ್ಮ ಮಗುವನ್ನು ಈ ತಿಂಗಳಲ್ಲಿ ಯಾವ ಕಾರಣಕ್ಕೆ ಹೊಡೆದೆವು? ಅದು ಹಟವಾಗಿತ್ತೇ, ಕಷ್ಟವಾಗಿತ್ತೇ?

2. ನಮ್ಮ ಮಗು ಯಾವ ಕೆಲಸದಲ್ಲಿ ಚುರುಕು? ಅದನ್ನು ನಾವು ಎಂದಾದರೂ ಮೆಚ್ಚಿ ನುಡಿದಿದ್ದೇವೆಯೇ?

3. ನಮ್ಮ ಮನೆಯಲ್ಲಿ ಕೀಟನಾಶಕವನ್ನು ಎಲ್ಲಿಟ್ಟಿದ್ದೇವೆ? ಬೀಗದಕೈ ಯಾರ ಬಳಿಯಿದೆ?